ಹದಿನೇಳನೆಯ ಕರು

ಅನ್ನಪೂರ್ಣಳಿಗೆ ಸೋಮವಾರವೆಂದರೆ ಸಗಣಿಯ ದಿನ. ಬಿಟಿಎಂ ಬಡಾವಣೆಯ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಆರಕ್ಕೇ ಹೊರಟು, ಜೆ.ಪಿ. ನಗರದ ಲ್ಯಾಬಿನಲ್ಲಿ ಐಸ್ ತುಂಬಿದ ಪೆಟ್ಟಿಗೆ ಎತ್ತಿಕೊಂಡು, ಅದನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇರುಕಿಕೊಂಡು ಉತ್ತರಹಳ್ಳಿ ರಸ್ತೆ ಹಿಡಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸುತ್ತಲಿನ ಕೊಟ್ಟಿಗೆಗಳ ಅಷ್ಟೂ ಕರುಗಳ ಸಗಣಿ ಪುಟ್ಟ ಪುಟ್ಟ ಟ್ಯೂಬುಗಳಲ್ಲಿ ಸೇರಿರುತ್ತಿತ್ತು. "ಎಂಎಸ್ಸಿ ಕಲ್ತು ಸಗಣಿ ಬಳ್ಯಾಕ ಹೋದೇನವಾ?" ಎಂದು ಮುಧೋಳದಿಂದ ತಾಯಿ ಫೋನಿನಲ್ಲಿ ನಗುತ್ತಿದ್ದಳು. ಅನ್ನಪೂರ್ಣಳೂ ನಗುತ್ತಿದ್ದಳು. ಆ ಕೆಲಸ ಅವಳಿಗೆ ಇಷ್ಟವಾಗಿತ್ತು.

ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಕಮಲಾದೇವಿ. ಐವತ್ತರ ಆಚೀಚೆಯ ವಯಸ್ಸು, ಮೆಲುದನಿ. ಎಳೆಗರುಗಳಿಗೆ ಮೊದಲ ಮೂರು ತಿಂಗಳು ಭೇದಿಯ ಕಾಟ ಹೆಚ್ಚು. ಜನ ಕೈಗೆ ಸಿಕ್ಕ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಅದು ಹೊಟ್ಟೆಯೊಳಗಿನ ಕೆಟ್ಟ ಬ್ಯಾಕ್ಟೀರಿಯಾಗಳ ಜೊತೆಗೆ ಒಳ್ಳೆಯವನ್ನೂ ಕೊಂದುಹಾಕುತ್ತದೆ. ಹಾಗಲ್ಲದೆ, ಹುಟ್ಟಿದಂದಿನಿಂದಲೇ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಸಿದರೆ ಕಾಯಿಲೆ ಕಡಿಮೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಕರುಗಳಲ್ಲಿ ಇದು ಸಾಬೀತಾದರೆ ಮುಂದೊಂದು ದಿನ ಮಕ್ಕಳ ಭೇದಿಗೂ ದಾರಿ ಸಿಕ್ಕೀತು ಎಂಬುದು ಅವರ ಆಸೆ. ಇಪ್ಪತ್ತನಾಲ್ಕು ಕರುಗಳಿಗೆ ಒಂದೊಂದು ಸಂಖ್ಯೆ, ಒಂದೊಂದು ಡಬ್ಬಿಯಲ್ಲಿ ಪುಡಿಯ ಪೊಟ್ಟಣಗಳು. ಅರ್ಧ ಡಬ್ಬಿಗಳಲ್ಲಿ ಬ್ಯಾಕ್ಟೀರಿಯಾ, ಇನ್ನರ್ಧದಲ್ಲಿ ನೋಡಲು ಹಾಗೆಯೇ ಇರುವ ಬರಿಯ ಪಿಷ್ಟ. ಯಾವುದು ಎಲ್ಲಿದೆ ಎಂಬ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿತ್ತು. ಕೊನೆಯವರೆಗೆ ಅದನ್ನು ಯಾರೂ ನೋಡುವಂತಿರಲಿಲ್ಲ.

ಹದಿನೇಳನೆಯ ಸಂಖ್ಯೆಯ ಕರು ಸುಬ್ರಹ್ಮಣ್ಯಪುರದ ಮುನಿವೆಂಕಟಮ್ಮನದು. ಹಳೆಯ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿ, ಉಳಿದ ತುಂಡಿನಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆ ಎದ್ದಿತ್ತು. ಆದರೂ ಮುದುಕಿ ಹಿತ್ತಲಿನ ಶೀಟಿನ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡಿದ್ದಳು. ಗಂಡ ಚಿಕ್ಕಬೈರಪ್ಪ "ಮಾರಾಕು ಇವುನ್ನ, ವಾಸ್ನೆ ಅಂತ ಬಾಡ್ಗೆಯೋರು ಗೊಣಗ್ತಾರೆ" ಎಂದರೆ, "ಬಾಡ್ಗೆಯೋರ್ನೇ ಬಿಡಿಸಾಕು" ಎನ್ನುತ್ತಿದ್ದಳು.

ಪುಡಿಯ ವಿಷಯ ಅನ್ನಪೂರ್ಣ ಮೊದಲ ದಿನ ವಿವರಿಸಿದಾಗ ಮುನಿವೆಂಕಟಮ್ಮ ಕೂಡಲೇ ಹಿಡಿದಿದ್ದಳು. "ಹಾಲ್ಗೆ ಹೆಪ್ಪಾಕ್ದಂಗೆ ಹೊಟ್ಟೆಗೂ ಹೆಪ್ಪಾಕದು ಅನ್ನು!" ಎಂದಿದ್ದಳು. ಎರಡು ಬಗೆಯ ಪುಡಿ ಇದೆ, ನಿಮಗೆ ಯಾವುದು ಬಂದಿದೆಯೋ ಗೊತ್ತಿಲ್ಲ ಎಂದು ಅನ್ನಪೂರ್ಣ ಒಪ್ಪಿಗೆ ಪತ್ರ ಓದಿ ಹೇಳಿದ್ದಕ್ಕೆ, "ಆಯ್ತು ಕಣವ್ವ, ನೀನ್ ಕೆಟ್ಟದ್ ಕೊಟ್ಟೀಯಾ?" ಎಂದು ಸಹಿ ಹಾಕಿದ್ದಳು. ಅಂದಿನಿಂದ ಪ್ರತಿ ಸೋಮವಾರ ಅಲ್ಲಿ ಅನ್ನಪೂರ್ಣಳಿಗೆ ಒಂದು ಲೋಟ ಕಾಫಿ ಕಾದಿರುತ್ತಿತ್ತು.

ಐದನೆಯ ವಾರ ಹೋದಾಗ ಕಾಫಿ ಇರಲಿಲ್ಲ. ಮುನಿವೆಂಕಟಮ್ಮ ಗೇಟಿನಲ್ಲೇ ನಿಂತಿದ್ದಳು.

"ನಿನ್ನೆ ಸಂಜೆಯಿಂದ ನೀರ್ ನೀರಾಗಿ ಉಚ್ಕೊಳ್ತಾ ಐತೆ ಕಣವ್ವ. ಪುಡಿ ಒಂದಿನಾನೂ ತಪ್ಪಿಸಿಲ್ಲ ನಾನು."

ಕರು ಗೋಣಿಚೀಲದ ಮೇಲೆ ಕಾಲು ಚಾಚಿ ಬಿದ್ದಿತ್ತು. ಕಣ್ಣು ಗುಳಿಬಿದ್ದಿದ್ದವು, ಕಿವಿ ತಣ್ಣಗಿದ್ದವು. ಅನ್ನಪೂರ್ಣ ಕತ್ತಿನ ಚರ್ಮವನ್ನು ಎಳೆದು ಬಿಟ್ಟಳು; ಅದು ಎಳೆದಂತೆಯೇ ಮಡಿಚಿಕೊಂಡು ನಿಂತಿತು. ಅಪ್ಪನ ಮನೆಯಲ್ಲಿ ಎಮ್ಮೆಗಳ ನಡುವೆ ಬೆಳೆದವಳಿಗೆ ಇದರ ಅರ್ಥ ಯಾರೂ ಹೇಳಬೇಕಿರಲಿಲ್ಲ.

ನಿಯಮವೂ ಸ್ಪಷ್ಟವಾಗಿತ್ತು. ಕರು ಇಷ್ಟು ಕೆಟ್ಟರೆ ದನದ ಡಾಕ್ಟರನ್ನು ಕರೆಸಬೇಕು. ಆ್ಯಂಟಿಬಯಾಟಿಕ್ ಕೊಟ್ಟರೆ ದಾಖಲೆ ಪುಸ್ತಕದ ಕೆಂಪು ಹಾಳೆಯಲ್ಲಿ ಬರೆದು ಆ ಕರುವನ್ನು ಅಧ್ಯಯನದಿಂದ ಬಿಡಬೇಕು. ಆದರೆ ಇಪ್ಪತ್ತನಾಲ್ಕರಲ್ಲಿ ನಾಲ್ಕು ಕರುಗಳನ್ನು ಮಾಲೀಕರು ಆಗಲೇ ಮಾರಿಬಿಟ್ಟಿದ್ದರು. ಕಡಿಮೆಯೆಂದರೆ ಇಪ್ಪತ್ತು ಬೇಕು. ಹಿಂದಿನ ಶನಿವಾರವಷ್ಟೇ ಮೇಲ್ವಿಚಾರಕ ಶಿವರಾಮ್ ಎಚ್ಚರಿಸಿದ್ದ: "ಇನ್ನೊಂದ್ ಕರು ಹೋದ್ರೆ ಇಡೀ ಸ್ಟಡಿ ಮೊದಲಿಂದ ಮಾಡ್ಬೇಕು ಕಣ್ರೀ. ಅಲ್ಲಿವರೆಗೂ ನಿಮ್ ಕಾಂಟ್ರ್ಯಾಕ್ಟ್ ಇರುತ್ತೋ ಇಲ್ವೋ, ನಾನ್ ಗ್ಯಾರಂಟಿ ಕೊಡಕ್ಕಾಗಲ್ಲ."

ಔಷಧ ಕೊಡದೆ ಬಿಟ್ಟರೆ ಈ ಕರು ಉಳಿಯುವುದಿಲ್ಲ. ಕೊಟ್ಟು ಬರೆದರೆ ಇಪ್ಪತ್ತು ಹತ್ತೊಂಬತ್ತಾಗುತ್ತದೆ. ಕೊಟ್ಟು, ಬರೆಯದಿದ್ದರೆ?

ಅವಳು ಹೆಚ್ಚು ಯೋಚಿಸಲಿಲ್ಲ. ಸ್ಕೂಟರ್ ತಿರುಗಿಸಿ ಉತ್ತರಹಳ್ಳಿಯ ದನದ ಔಷಧದಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ಮಾತ್ರೆ ತಂದಳು. ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಓಆರ್‌ಎಸ್ ಪೊಟ್ಟಣ ಕೊಂಡಳು. ಹಿತ್ತಲಿನ ಒರಳ ಹತ್ತಿರ ಮಾತ್ರೆ ಪುಡಿಮಾಡಿ, ಬಿಸಿನೀರು ತರಲು ಮುನಿವೆಂಕಟಮ್ಮ ಒಳಗೆ ಹೋದಾಗ ಮಾತ್ರೆಯ ಖಾಲಿ ಪಟ್ಟಿಗಳನ್ನು ಜೇಬಿಗೆ ಹಾಕಿಕೊಂಡಳು. ಕಲಸಿದ್ದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಕರುವಿನ ದವಡೆಯ ಪಕ್ಕದಿಂದ ನಿಧಾನವಾಗಿ ಹೊಯ್ದಳು.

"ಅದೇ ಪುಡೀನಾ ಇದು?" ಕರುವಿನ ತಲೆ ಹಿಡಿದುಕೊಂಡಿದ್ದ ಮುದುಕಿ ಕೇಳಿದಳು.

ನಿಜ ಹೇಳಿದರೆ ಶನಿವಾರ ಕೊಟ್ಟಿಗೆ ನೋಡಲು ಬರುವ ಶಿವರಾಮನ ಕಿವಿಗೆ ಬೀಳುತ್ತದೆ. ಮುನಿವೆಂಕಟಮ್ಮನ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ.

"ಹೂಂ ರೀ ಅಮ್ಮಾ. ಅದ. ಸ್ವಲ್ಪ ಜಾಸ್ತಿ ಹಾಕೇನಿ."

ಮೂರು ದಿನ ಲ್ಯಾಬಿಗೆ ಹೋಗುವ ಮೊದಲು ಬಂದು ಹೀಗೆಯೇ ಕುಡಿಸಿ ಹೋದಳು. ನಾಲ್ಕನೆಯ ದಿನ ಕರು ಬಾಲ ಎತ್ತಿಕೊಂಡು ಹಿತ್ತಲ ತುಂಬ ಓಡಾಡಿತು. ಪುಸ್ತಕದಲ್ಲಿ ಅನ್ನಪೂರ್ಣ ಬರೆದಳು: ಭೇದಿ, ಸಾಧಾರಣ. ಔಷಧ, ಇಲ್ಲ.

ಅಂದಿನಿಂದ ಮುನಿವೆಂಕಟಮ್ಮ ಆ ಪುಡಿಯನ್ನು ಹಾಡಿ ಹೊಗಳತೊಡಗಿದಳು. ಡೈರಿಗೆ ಹಾಲು ಹಾಕಲು ಹೋದಾಗ, ಗುಡಿಯ ಮುಂದೆ, ತರಕಾರಿ ಗಾಡಿಯ ಹತ್ತಿರ, ಎಲ್ಲ ಕಡೆ ಅದೇ ಮಾತು. "ಸಾಯೋ ಕರ ಕಣ್ರವ್ವ, ಮೂರೇ ದಿನಕ್ಕೆ ಎದ್ದು ಕುಣೀತು." ಅನ್ನಪೂರ್ಣ ತಲೆ ತಗ್ಗಿಸಿ ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದಳು. ಅಧ್ಯಯನ ಮುಗಿದಾಗ ಉಳಿದ ಪೊಟ್ಟಣಗಳನ್ನು ವಾಪಸ್ ತರಬೇಕಿತ್ತು. "ಇನ್ನೊಂದು ಹಸ ಗಬ್ಬ ಐತೆ, ಅದ್ರ ಕರೂಗೆ ಬೇಕಾಯ್ತದೆ, ಇಲ್ಲೇ ಇರ್ಲಿ ಬಿಡವ್ವ" ಎಂದು ಮುದುಕಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬೇಡವೆನ್ನಲು ಅನ್ನಪೂರ್ಣಳಿಗೆ ಬಾಯಿ ಬರಲಿಲ್ಲ. ಎಲ್ಲ ವಾಪಸ್ ಬಂದಿದೆ ಎಂದು ಅದನ್ನೂ ಸುಳ್ಳೇ ಬರೆದಳು.

ಚಳಿಗಾಲದಲ್ಲಿ ಸಗಣಿಯ ಪರೀಕ್ಷೆಯ ವರದಿ ಬಂತು. ಪ್ರತಿ ಕರುವಿಗೂ ವಾರಕ್ಕೊಂದು ಪಟ್ಟಿ. ಪಟ್ಟಿಯೊಳಗೆ ಒಂದೊಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಒಂದೊಂದು ಬಣ್ಣ. ಕಮಲಾದೇವಿ ಅವಳನ್ನು ಕರೆದು ಪರದೆ ತೋರಿಸಿದರು. ಹದಿನೇಳನೆಯ ಕರುವಿನ ನಾಲ್ಕನೆಯ ವಾರದವರೆಗಿನ ಪಟ್ಟಿಗಳು ಇಳಕಲ್ ಸೀರೆಯ ಸೆರಗಿನಂತೆ ಬಣ್ಣಬಣ್ಣವಾಗಿದ್ದವು. ಆರನೆಯ ವಾರದ ಪಟ್ಟಿಯಲ್ಲಿ ಉಳಿದದ್ದು ಎರಡೇ ಬಣ್ಣ.

"ಇದೊಂದೇ ಕರು ಹೀಗೆ. ಏನೋ ಬಂದು ಎಲ್ಲಾ ಗುಡಿಸಿಹಾಕಿದ ಹಾಗಿದೆ. ಆ ವಾರ ಯಾರಾದ್ರೂ ಔಷಧಿ ಏನಾದ್ರೂ ಕೊಟ್ಟಿದ್ರಾ, ಅನ್ನಪೂರ್ಣ?"

"ಇಲ್ಲ ಮೇಡಂ."

"ಸರಿ, ನೀವು ಇಲ್ಲ ಅಂದ್ರೆ ಇಲ್ಲ." ಕಮಲಾದೇವಿ ಒಂದು ಕ್ಷಣವೂ ಅನುಮಾನಿಸಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಉತ್ಸಾಹದಿಂದ ಹೇಳತೊಡಗಿದರು: "ಹಾಗಾದ್ರೆ ಇದು ನಮ್ಮ ಬ್ಯಾಕ್ಟೀರಿಯಾದ ಕೆಲಸಾನೇ ಇರ್ಬಹುದು. ಬೇರೆಯವನ್ನೆಲ್ಲಾ ತಳ್ಳಿ ತಾನು ಜಾಗ ಹಿಡಿದಿರ್ಬೇಕು. ಹೌದಾದ್ರೆ ಇದು ಬಹಳ ದೊಡ್ಡ ವಿಷಯ."

ಮುಂದಿನ ವಾರಗಳಲ್ಲಿ ಅವರು ಆ ಒಂದು ಕರುವಿನ ಮೇಲೆಯೇ ಕೂತುಬಿಟ್ಟರು. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಮರೆತು ಹಳೆಯ ಪ್ರಬಂಧಗಳನ್ನು ಹುಡುಕುತ್ತಿದ್ದರು. ಅನ್ನಪೂರ್ಣ ಅವರ ಕೋಣೆಯ ಮುಂದೆ ಹಾದುಹೋಗುವಾಗ ಹೆಜ್ಜೆ ಸದ್ದಾಗದಂತೆ ನಡೆಯುತ್ತಿದ್ದಳು. ಹೇಳಿಬಿಡಬೇಕು ಎಂದು ಎರಡು ಸಲ ಬಾಗಿಲವರೆಗೆ ಹೋದಳು. ಒಮ್ಮೆ ಅವರು ಫೋನಿನಲ್ಲಿದ್ದರು. ಇನ್ನೊಮ್ಮೆ ಅವರೇ ತಲೆಯೆತ್ತಿ, "ಬನ್ನಿ ಬನ್ನಿ, ಹದಿನೇಳು ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಎಂದರು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಮುನಿವೆಂಕಟಮ್ಮನ ಫೋನ್ ಬಂತು. ಎರಡನೆಯ ಹಸು ಈದು ಹನ್ನೆರಡು ದಿನವಾಗಿತ್ತು. ಗಿಣ್ಣು ತಿನ್ನಲು ಕರೆದಾಗ ಅನ್ನಪೂರ್ಣ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದಳು.

"ನಿನ್ ಪುಡಿ ಎಲ್ಡ್ ದಿನದಿಂದ ಕೊಡ್ತಾ ಇವ್ನಿ ಕಣವ್ವ. ಕರ ಉಚ್ಕೊಳ್ಳದು ನಿಲ್ತಾನೇ ಇಲ್ಲ. ಇನ್ನೂ ಎಷ್ಟ್ ಹಾಕ್ಬೇಕು?"

"ಅಮ್ಮಾ, ಡಾಕ್ಟರ್ ಕರೀರಿ! ಈಗಿಂದೀಗ ಕರೀರಿ!" ಅನ್ನಪೂರ್ಣ ಕೂಗಿದಳು.

"ಡಾಕ್ಟ್ರು ಯಾಕೆ? ಹೋದ್ ಸಲ ಇದ್ರಲ್ಲೇ ಎದ್ದಿತ್ತಲ್ಲ."

ಅವಳು ಹಾಕಿದ ಬಟ್ಟೆಯಲ್ಲೇ ಹೊರಟಳು. ಬನಶಂಕರಿ ದಾಟುವವರೆಗೂ ಪ್ರತಿ ಸಿಗ್ನಲ್ಲಿನಲ್ಲಿ ದನದ ಡಾಕ್ಟರಿಗೆ ಫೋನ್ ಮಾಡುತ್ತಲೇ ಇದ್ದಳು. ಅವಳು ಹೋಗುವ ಹೊತ್ತಿಗೆ ಅವರು ಬಂದು ಕರುವಿಗೆ ಡ್ರಿಪ್ ಹಾಕಿದ್ದರು. ಚಿಕ್ಕಬೈರಪ್ಪ ಬಾಟಲಿಯನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಕರು ಒಮ್ಮೆ ಕಾಲು ಜಾಡಿಸಿ ಸುಮ್ಮನಾಯಿತು.

"ನಿನ್ನೆ ಕರ್ದಿದ್ರೆ ಉಳ್ಕೊಳ್ತಿತ್ತು," ಎಂದರು ಡಾಕ್ಟರ್ ಸೂಜಿ ಕೀಳುತ್ತ. "ಮೈಯಲ್ಲಿ ನೀರೇ ಇಲ್ಲ."

"ನಾನ್ ಯೋಳ್ದೆ, ಕೇಳ್ಲಿಲ್ಲ ಇವ್ಳು," ಎಂದ ಚಿಕ್ಕಬೈರಪ್ಪ.

ತಾಯಿ ಹಸು ಹಗ್ಗ ಜಗ್ಗಿ ಅರಚುತ್ತಿತ್ತು. ಮುನಿವೆಂಕಟಮ್ಮ ಕರುವಿನ ಕಣ್ಣ ಮೇಲಿನ ನೊಣ ಓಡಿಸುತ್ತ ಕೂತಿದ್ದಳು. ಗಂಡನ ಮಾತಿಗೆ ತಿರುಗಿ ಬೀಳಲಿಲ್ಲ. ಆಮೇಲೆ ಅನ್ನಪೂರ್ಣಳ ಮುಖ ನೋಡಿ ಹೇಳಿದಳು: "ನಂದೇ ತಪ್ಪು ಕಣವ್ವ. ಹೋದ್ ಸಲ ನೀನು ಜಾಸ್ತಿ ಹಾಕ್ದೆ. ಎಷ್ಟ್ ಜಾಸ್ತಿ ಅಂತ ನಾನ್ ನೋಡ್ಕೊಳ್ಲಿಲ್ಲ. ನನ್ ಕೈ ಬಿಗಿಯಾಯ್ತು. ಪುಡಿ ಉಳೀಲಿ ಅಂತ ಕಮ್ಮಿ ಕಮ್ಮಿ ಹಾಕ್ದೆ."

ಆಗ ಹೇಳಬೇಕಿತ್ತು. ಅನ್ನಪೂರ್ಣ ಬಾಯಿ ತೆರೆದಳು. ಡಾಕ್ಟರ್ ನಿಂತಿದ್ದರು, ಮೇಲಿನ ಮನೆಯವರು ಮೆಟ್ಟಿಲಿನಿಂದ ಬಗ್ಗಿ ನೋಡುತ್ತಿದ್ದರು. "ಇಲ್ರೀ ಅಮ್ಮಾ, ನಿಮ್ಮ ತಪ್ಪಲ್ಲ" ಎಂದಷ್ಟೇ ಹೇಳಿ, ಕರುವನ್ನು ಗೋಣಿಗೆ ಎಳೆಯಲು ಚಿಕ್ಕಬೈರಪ್ಪನೊಂದಿಗೆ ಕೈಜೋಡಿಸಿದಳು. ಅದರ ಮೈ ಇನ್ನೂ ಬೆಚ್ಚಗಿತ್ತು. ಅವಳು ಹೊರಡುವಾಗ ಮುದುಕಿ ಇನ್ನೂ ತನ್ನ ಬಲಗೈಯನ್ನು ಅಂಗಾತ ಮಾಡಿಕೊಂಡು, ಎಷ್ಟು ಪುಡಿ ಹಿಡಿಯುತ್ತದೆ ಎಂದು ಅಳೆಯುವವಳಂತೆ, ನೋಡುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಕಮಲಾದೇವಿಯವರನ್ನು ಬಿಟ್ಟು ಇನ್ನೂ ಯಾರೂ ಬಂದಿರಲಿಲ್ಲ. ಅನ್ನಪೂರ್ಣ ಅವರ ಮುಂದೆ ನಿಂತುಕೊಂಡೇ, ಮಾತ್ರೆ ಕೊಟ್ಟದ್ದನ್ನೂ ಪುಡಿಯನ್ನೇ ನಂಬಿದ್ದರಿಂದ ಮುದುಕಿಯ ಎರಡನೆಯ ಕರು ಸತ್ತದ್ದನ್ನೂ ಹೇಳಿದಳು; ಪೊಟ್ಟಣಗಳನ್ನು ಅಲ್ಲೇ ಬಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ಕುಳಿತುಕೊಳ್ಳಲು ಅವರು ಹೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಪೆನ್ನು ತೆಗೆದು, ಯಾವ ಮಾತ್ರೆ, ಎಷ್ಟು ದಿನ, ಯಾವ ಹೊತ್ತಿಗೆ ಎಂದು ಒಂದೊಂದೇ ಬರೆದುಕೊಂಡರು.

"ಹದಿನೇಳರ ಮೇಲೆ ನಾನು ಎರಡು ತಿಂಗಳು ಕೂತಿದೀನಿ," ಎಂದರು. ದನಿ ಏರಲಿಲ್ಲ. "ನಿಮ್ಮನ್ನ ಕೇಳಿದ್ದೆ."

"ಹೌದು ಮೇಡಂ."

"ಬೇರೆ ಯಾವ ಕರುವಿಗಾದ್ರೂ ಹೀಗೆ ಮಾಡಿದೀರಾ?"

"ಇಲ್ಲ ಮೇಡಂ."

ಅದು ನಿಜವೇ. ಆದರೆ ಆ 'ಇಲ್ಲ'ವನ್ನು ನಂಬಲು ಈಗ ಕಮಲಾದೇವಿಗೆ ಕಾರಣವಿರಲಿಲ್ಲ. ಅವರು ಅನ್ನಪೂರ್ಣ ಬರೆದ ಎಲ್ಲ ಪುಸ್ತಕಗಳನ್ನೂ ಶಿವರಾಮನ ಕೈಗೆ ಕೊಟ್ಟು, ಒಂದೊಂದು ಕೊಟ್ಟಿಗೆಗೂ ಹೋಗಿ ಮತ್ತೆ ವಿಚಾರಿಸಲು ಹೇಳಿದರು. ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿದ್ದ ಸಮಿತಿಗೆ ಪತ್ರ ಹೋಯಿತು. ಮುಂದಿನ ತಿಂಗಳ ಕೊನೆಗೆ ಅನ್ನಪೂರ್ಣಳ ಕೆಲಸ ಮುಗಿಯುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಅವಳು ಟ್ಯೂಬು ತೊಳೆಯಬೇಕು.

ಶಿವರಾಮ್ ಸುಬ್ರಹ್ಮಣ್ಯಪುರದಿಂದ ಬಂದು ಅವಳ ಮುಂದೆ ನಿಂತ. "ಆ ಯಮ್ಮ ನಿಮ್ ಪರವಾಗಿ ನನ್ ಮೇಲೇ ಜಗಳಕ್ಕೆ ಬಂದ್ರು ಕಣ್ರೀ. 'ಆ ಹುಡ್ಗಿ ಪುಡಿ ಬಿಟ್ರೆ ಏನೂ ಕೊಟ್ಟಿಲ್ಲ, ದೇವ್ರಾಣೆ' ಅಂತಾರೆ. ನಾನ್ ಏನೂ ಬಿಡಿಸಿ ಹೇಳ್ಲಿಲ್ಲ."

ಅಂದು ಸಂಜೆಯೇ ಹೋಗಿ ಮುದುಕಿಗೆ ಹೇಳುತ್ತೇನೆಂದುಕೊಂಡಳು. ಹೋಗಲಿಲ್ಲ. ಭಾನುವಾರ ಹೋಗುತ್ತೇನೆಂದುಕೊಂಡಳು. ಭಾನುವಾರ ಬಟ್ಟೆ ಒಗೆದು, ಕೋಣೆ ಗುಡಿಸಿ, ಒಗೆದ ಬಟ್ಟೆಯನ್ನೇ ಮತ್ತೆ ಮಡಿಚಿಟ್ಟಳು.

ಎರಡು ವಾರದ ಮೇಲೆ ಲಕೋಟೆ ಒಡೆದರು. ಉಳಿದ ಹತ್ತೊಂಬತ್ತು ಕರುಗಳಲ್ಲಿ, ಬ್ಯಾಕ್ಟೀರಿಯಾ ಕುಡಿದವು ಸ್ವಲ್ಪ ಕಡಿಮೆ ಕಾಯಿಲೆ ಬಿದ್ದಿದ್ದವು. ಆದರೆ ಖಚಿತವಾಗಿ ಹೇಳಲು ಸಂಖ್ಯೆ ಸಾಲದು. ಇನ್ನೊಂದು ಮಳೆಗಾಲ ಕಾದು ಮತ್ತೆ ಮಾಡಬೇಕು. ಕಮಲಾದೇವಿ ಅನ್ನಪೂರ್ಣಳನ್ನು ಕರೆದು ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಹದಿನೇಳು. ಬರೀ ಪಿಷ್ಟ."

ಅವಳಿಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ ಆ ಸಾಲನ್ನು ಮತ್ತೊಮ್ಮೆ ಓದಿದಳು. ಆ ಡಬ್ಬಿಯಲ್ಲಿ ಹೆಪ್ಪೂ ಇರಲಿಲ್ಲ, ಏನೂ ಇರಲಿಲ್ಲ. ಹನ್ನೆರಡು ದಿನದ ಕರುವಿಗೆ ಮುನಿವೆಂಕಟಮ್ಮ ಎರಡು ದಿನ ಗಂಜಿಪುಡಿ ಕುಡಿಸಿ, ಏಳುತ್ತದೆಂದು ಕಾದಿದ್ದಳು.

"ಉಳಿದ ಪೊಟ್ಟಣ ಎಲ್ಲಿವೆ?" ಕಮಲಾದೇವಿ ಕೇಳಿದರು. "ವಾಪಸ್ ಬಂದಿದೆ ಅಂತ ಬರೆದಿದೀರಿ. ಎರಡನೇ ಕರುವಿಗೆ ಎಲ್ಲಿಂದ ಬಂತು?"

ಅವು ಇನ್ನೂ ಮುದುಕಿಯ ಮನೆಯಲ್ಲೇ ಇವೆ ಎಂದು ಹೇಳಿ, ಅನ್ನಪೂರ್ಣ ಬ್ಯಾಗು ತೆಗೆದುಕೊಂಡು ಅಲ್ಲಿಂದಲೇ ಹೊರಟಳು.

ಮುನಿವೆಂಕಟಮ್ಮ ನಲ್ಲಿಯ ಹತ್ತಿರ ಹಾಲಿನ ಕ್ಯಾನು ತಿಕ್ಕುತ್ತಿದ್ದಳು. ಅವಳನ್ನು ಕಂಡು ಮುಖ ಅರಳಿಸಿದಳು. "ಏನವ್ವ, ಮರ್ತೇಬಿಟ್ಟೆ ನಮ್ಮುನ್ನ?"

ಅನ್ನಪೂರ್ಣ ಕಲ್ಲಿನ ಮೇಲೆ ಕೂತು ಹೇಳಿದಳು. ಮಾತ್ರೆಯ ವಿಷಯ, ಓಆರ್‌ಎಸ್ ವಿಷಯ, ಇಪ್ಪತ್ತು ಕರುಗಳ ಲೆಕ್ಕ, ತನ್ನ ಕೆಲಸದ ಭಯ, ಡಬ್ಬಿಯಲ್ಲಿ ಏನಿತ್ತೆಂಬುದು. ಮುದುಕಿ ಮೊದಲು ತಿಕ್ಕುತ್ತಲೇ ಇದ್ದಳು. ಆಮೇಲೆ ಕ್ಯಾನನ್ನು ಕೆಳಗಿಟ್ಟು ನಲ್ಲಿ ನಿಲ್ಲಿಸಿದಳು.

"ಹಂಗಾರೆ ಮೊದಲ್ನೇ ಕರ ನಿನ್ ಔಸ್ದೀಲಿ ಉಳೀತು."

"ಹೌದ್ರೀ."

"ಔಸ್ದಿ ಕೊಟ್ಟಿದ್ಕೆ ನಾನೇನ್ ಬೈತಿದ್ನಾ? ಯಾರ್ಗೂ ಹೇಳ್ಬ್ಯಾಡ ಅಂದಿದ್ರೆ ಹೇಳ್ತಿದ್ನಾ?"

ಹೇಳುತ್ತಿದ್ದಳು ಎಂದು ಅನ್ನಪೂರ್ಣಳಿಗೆ ಆಗ ಅನ್ನಿಸಿತ್ತು. ಈಗ ಆ ಮುಖ ನೋಡಿದರೆ ಅದೂ ಖಾತ್ರಿಯಿರಲಿಲ್ಲ.

"ನಾನು ಕರ ಸತ್ತಾಗಿಂದ ಅನ್ನ ಕಲಸ್ದಾಗೆಲ್ಲ ಈ ಕೈ ನೋಡ್ಕೊತಾ ಇವ್ನಿ," ಎಂದಳು ಮುನಿವೆಂಕಟಮ್ಮ. "ಅವತ್ತು ನನ್ ಮುಂದೆ ನಿಂತಿದ್ದೆ ನೀನು. ನಂದೇ ತಪ್ಪು ಅಂತ ನಾನ್ ಅಂದಾಗ ನಿಂತಿದ್ದೆ. ಆಗ್ಲಾದ್ರೂ ಬಾಯ್ ಬಿಡಕ್ಕೇನಾಗಿತ್ತೇ ನಿನ್ಗೆ?"

"ಧೈರ್ಯ ಆಗಲಿಲ್ಲರೀ ಅಮ್ಮಾ."

ಮುದುಕಿ ಸೆರಗಿನಿಂದ ಕೈ ಒರೆಸಿಕೊಂಡಳು. ಮುಂದೆ ಇನ್ನೇನೋ ಹೇಳಲು ಹೊರಟವಳು ತಟ್ಟನೆ ನಿಂತಳು. ಅವಳ ಕಣ್ಣು ಮೇಲಿನ ಮಹಡಿಯ ಕಡೆ ಹೋಯಿತು.

"ಅಯ್ಯೋ. ಮಧುಶ್ರೀಗೆ ಕೊಟ್ಟಿವ್ನಲ್ಲೇ. ಮಗೀಗೆ."

ಇಬ್ಬರೂ ಮೆಟ್ಟಿಲು ಹತ್ತಿದರು. ಮುದುಕಿಗಿಂತ ಮೊದಲು ಅನ್ನಪೂರ್ಣ ಬಾಗಿಲು ಬಡಿದಳು. ಮಧುಶ್ರೀ ಎರಡನೆಯ ಮಹಡಿಯ ಬಾಡಿಗೆಯವಳು, ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಪಾಠ ಹೇಳುವವಳು. ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ಮಗು ಜೋಲುಮೋರೆ ಹಾಕಿಕೊಂಡಿತ್ತು.

"ನಿನ್ನೆಯಿಂದ ಲೂಸ್ ಮೋಷನ್ ಅಕ್ಕ. ಆಂಟಿ ಕೊಟ್ಟಿದ್ ಪ್ರೋಬಯಾಟಿಕ್ ಪುಡಿ ಹಾಕ್ತಿದೀನಿ. ನಾಳೆವರೆಗೂ ನೋಡೋಣ ಅಂತ..."

"ಅದರಾಗ ಏನೂ ಇಲ್ಲರೀ," ಎಂದಳು ಅನ್ನಪೂರ್ಣ. "ಅದು ಮಕ್ಕಳಿಗೆ ಕೊಡೂದಲ್ಲ. ಔಷಧ ಅಲ್ಲ. ತಪ್ಪು ನಂದು. ಮಗು ಉಚ್ಚಿ ಹೊಯ್ದು ಎಷ್ಟೊತ್ತಾತು?"

ಮಧುಶ್ರೀ ಯೋಚಿಸಿದಳು. ಬೆಳಿಗ್ಗೆಯಿಂದ ಡಯಾಪರ್ ಒದ್ದೆಯಾದ ನೆನಪು ಅವಳಿಗಿರಲಿಲ್ಲ. ಮಗುವಿನ ತುಟಿ ಒಣಗಿತ್ತು.

ಆಟೋ ಕರೆದು ಮೂವರೂ ಮಗುವನ್ನೆತ್ತಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು. ದಾರಿಯುದ್ದಕ್ಕೂ ಮಧುಶ್ರೀ ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿದ್ದಳು, ಅನ್ನಪೂರ್ಣ ಲೋಟ ಹಿಡಿದಿದ್ದಳು; ಹಳ್ಳ ಬಂದಾಗೆಲ್ಲ ನೀರು ಅವಳ ಕೈಮೇಲೆ ತುಳುಕುತ್ತಿತ್ತು. ಡಾಕ್ಟರ್ ನೋಡಿ, ಸರಿಯಾದ ಹೊತ್ತಿಗೆ ಬಂದಿದ್ದೀರಿ, ನೀರಿನಂಶ ಕಡಿಮೆಯಾಗುತ್ತಿದೆ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ನಾಲ್ಕು ಗಂಟೆಗೆ ಮಗು ಉಚ್ಚೆ ಹೊಯ್ದು, ಬಿಸ್ಕತ್ತು ಬೇಕೆಂದು ಅತ್ತಿತು. ಮಧುಶ್ರೀ ಅನ್ನಪೂರ್ಣಳ ಕಡೆ ತಿರುಗಿ, "ಒಂದ್ ವೇಳೆ ನೀವು ನಾಳೆ ಬಂದಿದ್ರೆ?" ಎಂದಳು. ಥ್ಯಾಂಕ್ಸ್ ಎನ್ನಲಿಲ್ಲ. ಎನ್ನದಿದ್ದುದೇ ಸರಿ ಎಂದು ಅನ್ನಪೂರ್ಣಳಿಗೆ ಅನ್ನಿಸಿತು. ಕಳೆದ ಭಾನುವಾರವೇ ಬರಬೇಕಾಗಿದ್ದವಳು ತಾನು ಎಂದು ಅವಳು ಅವರಿಬ್ಬರಿಗೂ ಹೇಳಿದಳು. ಮುಚ್ಚಿಟ್ಟುಕೊಳ್ಳಲು ಇನ್ನೇನೂ ಉಳಿಸಬಾರದೆಂದು.

ವಾಪಸ್ ಬರುವಾಗ ಮುನಿವೆಂಕಟಮ್ಮ ಅವಳನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಡೆದಳು. ಬೀದಿಯ ತಿರುವಿನಲ್ಲಿ ಮಾತ್ರ ನಿಂತು, "ಇನ್ನೂ ಮೂರ್ ಮನೆ ಅವೆ. ಒಂದು ಹಸಿನೋರು, ಎರಡು ಮೇಕೆಯೋರು. ನಾನೇ ಕೊಟ್ಟಿವ್ನಿ" ಎಂದಳು.

"ಮನೆ ತೋರಿಸ್ರೀ ಸಾಕು. ನಾನ ಹೇಳ್ತೀನಿ."

"ನೀನೇ ಯೋಳ್ಬೇಕು. ನಾನ್ ಯೋಳಾಕಿಲ್ಲ."

ಅವಳು ಮುಂದೆ, ಅನ್ನಪೂರ್ಣ ಹಿಂದೆ. ಮೊದಲ ಮನೆಯವರು ಪೊಟ್ಟಣ ತಂದುಕೊಟ್ಟು, "ಹೋಗ್ಲಿ ಬಿಡಮ್ಮ, ನಾವಿನ್ನೂ ಬಿಚ್ಚೇ ಇಲ್ಲ" ಎಂದರು. ಎರಡನೆಯ ಮನೆಯಾತ, "ಓದ್ದೋರೇ ಹಿಂಗ್ ಮಾಡಿದ್ರೆ ನಾವ್ ಯಾರ್ನ ನಂಬೋದು?" ಎಂದು ಜೋರು ಮಾಡಿದ. ಅವನ ಹೆಂಡತಿ, ಮಕ್ಕಳು, ಪಕ್ಕದ ಮನೆಯವರು ಎಲ್ಲ ಹೊರಗೆ ಬಂದು ನಿಂತರು. ಅನ್ನಪೂರ್ಣ ತಲೆ ತಗ್ಗಿಸದೆ ನಿಂತು ಕೇಳಿಸಿಕೊಂಡಳು. ತಗ್ಗಿಸಿದರೆ ಅಳು ಬರುತ್ತಿತ್ತು. ಅಳುವುದಕ್ಕೆ ತನಗೆ ಹಕ್ಕಿಲ್ಲವೆನ್ನಿಸಿತ್ತು. ಮುನಿವೆಂಕಟಮ್ಮ ಗೇಟಿನ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಬಿಡಿಸಲೂ ಬರಲಿಲ್ಲ, ಬಿಟ್ಟೂ ಹೋಗಲಿಲ್ಲ.

ಆತ ಬೈದು ಮುಗಿಸಿ ಪೊಟ್ಟಣಗಳನ್ನು ಅವಳ ಕೈಗೆ ಹಾಕಿದ. ಮುದುಕಿ ಸೆರಗು ಸರಿಪಡಿಸಿಕೊಂಡು, "ಬಾ, ಆಕಡೆ ಕೊನೇ ಮನೆ" ಎಂದು ನಡೆದಳು. ಅನ್ನಪೂರ್ಣ ಪೊಟ್ಟಣಗಳನ್ನು ಬ್ಯಾಗಿಗೆ ತುರುಕಿಕೊಂಡು ಅವಳ ಹಿಂದೆ ಹೊರಟಳು.